ಮನೆಗೆ ಬಾ ಎಂದು ಕರೆದ ತಾಯಂದಿರು

ನಾನು ಬಾಲಮಂದಿರದಲ್ಲಿ ಮಕ್ಕಳ ಆಪ್ತಸಮಾಲೋಚಕಿ. ಮಕ್ಕಳು ಕೇಳುವ ಒಂದು ಪ್ರಶ್ನೆಗೆ ಇವತ್ತಿಗೂ ನನಗೆ ಥಟ್ಟನೆ ಉತ್ತರ ಹೇಳಲು ಆಗುವುದಿಲ್ಲ. "ಅಕ್ಕ, ಮನೇಲಿ ನನ್ನ ಒಳಗೆ ಸೇರಿಸ್ತಾರಾ?" ಊರು ಬಿಟ್ಟು ಓಡಿಹೋಗಿ, ಎಲ್ಲೋ ದೂರದ ಹೋಟೆಲಿನಲ್ಲಿ ವರ್ಷಗಟ್ಟಲೆ ಪಾತ್ರೆ ತಿಕ್ಕಿ, ಪೊಲೀಸರ ಜೊತೆ ನಮ್ಮಲ್ಲಿಗೆ ಬಂದ ಹುಡುಗ ಕೇಳುವ ಮಾತು ಇದು. ಹೊಡೆತದ ವಿಷಯ, ರಾತ್ರಿ ಬೀಳುವ ಕನಸಿನ ವಿಷಯ ಎಲ್ಲ ಆಮೇಲೆ ಬರುತ್ತದೆ. ಮೊದಲು ಬರುವುದು ಮನೆಯ ಬಾಗಿಲಿನ ಚಿಂತೆ.

ಇದೇ ಪ್ರಶ್ನೆಯನ್ನು ಸಾವಿರಾರು ಮಕ್ಕಳು ಕೇಳಿದ ಸೀಮೆ ಒಂದಿದೆ. ಆಫ್ರಿಕಾದ ಉಗಾಂಡ ದೇಶದ ಉತ್ತರ ಭಾಗ. ಅಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದವರು ದೊಡ್ಡ ಅಧಿಕಾರಿಗಳಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರು, ಚರ್ಚು ಮಸೀದಿಗಳ ಹಿರಿಯರು, ಊರಿನ ಯಜಮಾನರು. ನಾನು ಅಲ್ಲಿಗೆ ಹೋದವಳಲ್ಲ, ಓದಿ ತಿಳಿದುಕೊಂಡವಳು. ಆದರೂ ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ಮೊದಲು ಹೇಳುವುದು ಈ ಕಥೆಯನ್ನೇ.

1980ರ ದಶಕದ ಕೊನೆಯಲ್ಲಿ ಜೋಸೆಫ್ ಕೋನಿ ಎಂಬಾತ ಅಲ್ಲಿ ಸರ್ಕಾರದ ವಿರುದ್ಧ ದಂಗೆ ಎದ್ದ. ಅವನ ಪಡೆಯ ಹೆಸರು ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ. ಜನ ತಾವಾಗಿ ಸೇರದೇ ಹೋದಾಗ ಅವನು ಮಕ್ಕಳನ್ನು ಹೊತ್ತೊಯ್ಯಲು ಶುರುಮಾಡಿದ. ಯುನಿಸೆಫ್ ಅಂದಾಜಿನ ಪ್ರಕಾರ ಕಡಿಮೆಯೆಂದರೂ 25,000 ಮಕ್ಕಳು. ಗಂಡುಮಕ್ಕಳ ಕೈಗೆ ಬಂದೂಕು ಕೊಟ್ಟರು. ಹೆಣ್ಣುಮಕ್ಕಳನ್ನು ಕಮಾಂಡರ್‌ಗಳಿಗೆ ಹೆಂಡತಿಯರೆಂದು ಹಂಚಿದರು.

1996ರ ಅಕ್ಟೋಬರ್ 10ರಂದು, ಇನ್ನೂ ಬೆಳಕು ಹರಿಯುವ ಮುಂಚೆ, ಅಬೋಕೆ ಎಂಬಲ್ಲಿನ ಹೆಣ್ಣುಮಕ್ಕಳ ಶಾಲೆಗೆ ನುಗ್ಗಿ 139 ವಿದ್ಯಾರ್ಥಿನಿಯರನ್ನು ಎಳೆದೊಯ್ದರು. ಶಾಲೆಯ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ರಾಕೇಲೆ ಫಸ್ಸೇರಾ ಮತ್ತು ಒಬ್ಬ ಮೇಷ್ಟ್ರು ಹೆಜ್ಜೆಗುರುತು ಹಿಡಿದು ಅವರ ಹಿಂದೆಯೇ ನಡೆದರು. ಕೈಯಲ್ಲಿ ಏನೂ ಇರಲಿಲ್ಲ. ಬೇಡಿಕೊಂಡು 109 ಹುಡುಗಿಯರನ್ನು ಬಿಡಿಸಿಕೊಂಡು ಬಂದರು. 30 ಜನರನ್ನು ಬಿಡಲಿಲ್ಲ.

ಆ 30 ಜನರಲ್ಲಿ ಲೀರಾ ಪಟ್ಟಣದ ಸೂಲಗಿತ್ತಿ ನರ್ಸ್ ಆಂಜೆಲಿನಾ ಅತ್ಯಾಮ್ ಅವರ 14 ವರ್ಷದ ಮಗಳೂ ಇದ್ದಳು.

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ಹೇಳಬೇಕು. "ಅಷ್ಟು ಮಕ್ಕಳು ಯಾಕೆ ತಪ್ಪಿಸಿಕೊಂಡು ಬರಲಿಲ್ಲ?" ಎಂದು ತುಂಬ ಜನ ಕೇಳುತ್ತಾರೆ. ಹಲವರು ಬಂದರು. ಬಾರದವರನ್ನು ಹಿಡಿದಿಟ್ಟದ್ದು ಬರೀ ಕಾವಲು ಅಲ್ಲ. ಮಗು ಕೈಗೆ ಸಿಕ್ಕ ಮೊದಲ ದಿನಗಳಲ್ಲೇ ಅದರ ಕೈಯಿಂದ ಘೋರವಾದದ್ದನ್ನು ಮಾಡಿಸುತ್ತಿದ್ದರು. ಎಷ್ಟೋ ಸಲ ಸ್ವಂತ ಊರಿನವರ ಮೇಲೆ, ಸ್ವಂತ ನೆಂಟರ ಮೇಲೆ. ಆಮೇಲೆ ಹೇಳುತ್ತಿದ್ದರು: ಇನ್ನು ನಿನಗೆ ಮನೆ ಇಲ್ಲ, ಹೋದರೆ ಅವರೇ ಕೊಲ್ಲುತ್ತಾರೆ, ಇಲ್ಲವೇ ಸೈನ್ಯದವರು ಕೊಲ್ಲುತ್ತಾರೆ. ಹತ್ತು ಹನ್ನೆರಡು ವರ್ಷದ ಮಗು ಇದನ್ನು ನಂಬದೇ ಇರುತ್ತದಾ? ಹಿಂದಿರುಗುವ ದಾರಿಯನ್ನು ಮಗುವಿನ ಮನಸ್ಸಿನೊಳಗೇ ಕಡಿದುಹಾಕುವ ಲೆಕ್ಕ ಅದು. ಹಗ್ಗ ಬಿಚ್ಚಿದ ಮೇಲೂ ಮಗು ಓಡುವುದಿಲ್ಲ.

ಅಂದಮೇಲೆ ಮಕ್ಕಳನ್ನು ಬಿಡಿಸಬೇಕಾದರೆ ಈ ಮಾತು ಸುಳ್ಳು ಎಂದು ತೋರಿಸಬೇಕಿತ್ತು. ತೋರಿಸಬಲ್ಲವರು ಮನೆಯವರು ಮಾತ್ರ.

ಅಬೋಕೆಯ ತಂದೆತಾಯಂದಿರು ವಾರವಾರ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಒಂದು ದಿನ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂಬ ಸಾಲಿಗೆ ಬಂದಾಗ ಬಾಯಿ ಕಟ್ಟಿತು. ಮುಂದೆ ಹೇಳಲಾಗದೆ ಎದ್ದು ಮನೆಗೆ ಹೋದರು. ಈ ಪ್ರಸಂಗವನ್ನು ಆಂಜೆಲಿನಾ ಅವರೇ ಹೇಳಿಕೊಂಡಿದ್ದಾರೆ. ನನಗೆ ಇದು ತುಂಬ ಮುಖ್ಯ ಅನಿಸುತ್ತದೆ. ಕ್ಷಮೆ ಅವರಿಗೆ ಸುಲಭವಾಗಿ ಬರಲಿಲ್ಲ. ಎದೆ ಒಡೆದುಕೊಂಡು, ದಿನಗಟ್ಟಲೆ ಒದ್ದಾಡಿ ಬಂತು. ಕೊನೆಗೆ ಆಂಜೆಲಿನಾ ತಮ್ಮ ಮಗಳನ್ನು ಇಟ್ಟುಕೊಂಡಿದ್ದ ಕಮಾಂಡರನ ತಾಯಿಯನ್ನು ಹುಡುಕಿಕೊಂಡು ಹೋಗಿ ತಬ್ಬಿಕೊಂಡರು.

ಆ ತಂದೆತಾಯಂದಿರು ಕನ್ಸರ್ನ್ಡ್ ಪೇರೆಂಟ್ಸ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿದರು. ಕಾಡಿನಲ್ಲಿರುವವರೆಲ್ಲ ನಮ್ಮ ಮಕ್ಕಳೇ, ಬಾಂಬು ಹಾಕಬೇಡಿ, ಮಾತಾಡಿ ಕರೆತನ್ನಿ ಎಂದು ಸರ್ಕಾರದ ಮುಂದೆ, ಹೊರದೇಶಗಳ ಮುಂದೆ ಕೇಳಿಕೊಂಡರು. ಆ ಕೂಗು ಕೋನಿಯ ಕಡೆಯವರಿಗೂ ತಟ್ಟಿತು. ನೀನು ಸುಮ್ಮನಾದರೆ ನಿನ್ನ ಮಗಳನ್ನು ಬಿಡುತ್ತೇವೆ ಎಂದು ಆಂಜೆಲಿನಾಗೆ ಹೇಳಿ ಕಳಿಸಿದರು. ಬಿಡುವುದಾದರೆ ಎಲ್ಲ ಹುಡುಗಿಯರನ್ನೂ ಬಿಡಿ ಎಂದರು ಆ ತಾಯಿ. ಅವರ ಮನೆಯವರಿಗೇ ಇದನ್ನು ಅರಗಿಸಿಕೊಳ್ಳುವುದು ಕಷ್ಟವಾಯಿತು. ನಾನೂ ಒಬ್ಬ ತಾಯಿ. ಆ ಜಾಗದಲ್ಲಿ ನಾನಿದ್ದರೆ ಹಾಗೆ ಹೇಳುತ್ತಿದ್ದೆ ಎನ್ನುವ ಧೈರ್ಯ ನನಗಿಲ್ಲ. 1998ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಪ್ರಶಸ್ತಿ ಬಂತು. ಮಗಳು ತಪ್ಪಿಸಿಕೊಂಡು ಬಂದದ್ದು 2004ರಲ್ಲಿ, ಏಳು ವರ್ಷಕ್ಕೂ ಜಾಸ್ತಿ ಕಾಲ ಕಳೆದ ಮೇಲೆ. ಅಷ್ಟರಲ್ಲಿ ಆಕೆಯೂ ತಾಯಿಯಾಗಿದ್ದಳು.

ಪಕ್ಕದಲ್ಲೇ ಇರುವ ಅಚೋಲಿ ಜನಾಂಗದವರ ಸೀಮೆಯಲ್ಲಿ ಧರ್ಮಗುರುಗಳೂ ಒಟ್ಟಾಗಿದ್ದರು. ಕ್ಯಾಥೊಲಿಕರು, ಆಂಗ್ಲಿಕನ್ನರು, ಮುಸ್ಲಿಮರು ಒಂದೇ ವೇದಿಕೆಯಲ್ಲಿ. ಅವರಲ್ಲಿ ಒಬ್ಬರಾದ ಬಿಷಪ್ ಒಚೋಲಾ ಅವರ ಪತ್ನಿ 1997ರಲ್ಲಿ ನೆಲಬಾಂಬು ಸಿಡಿದು ಸತ್ತಿದ್ದರು. ಆದರೂ ಅವರು ಕ್ಷಮಾದಾನದ ಕಾನೂನಿಗಾಗಿ ಓಡಾಡಿದರು. 2000ದ ಜನವರಿಯಲ್ಲಿ ಆ ಕಾನೂನು ಬಂತು. ಬಂದೂಕು ಕೆಳಗಿಟ್ಟು ಬಂದವರ ಮೇಲೆ ಮೊಕದ್ದಮೆ ಇಲ್ಲ ಎಂದಿತು.

ಆ ವರ್ಷಗಳಲ್ಲಿ ಹಳ್ಳಿಯ ಮಕ್ಕಳು ಸಂಜೆಯಾದರೆ ಮನೆ ಬಿಟ್ಟು ನಡೆಯುತ್ತಿದ್ದರು. ರಾತ್ರಿ ಹಳ್ಳಿಯಲ್ಲಿದ್ದರೆ ಹೊತ್ತೊಯ್ಯುತ್ತಾರೆ ಎಂಬ ಭಯ. ಕಂಕುಳಲ್ಲಿ ಚಾಪೆ, ಕೈಯಲ್ಲಿ ತಮ್ಮನ ಕೈ. ಗುಲು ಪಟ್ಟಣದ ಅಂಗಡಿ ಜಗಲಿಗಳ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ, ಲಾಚೋರ್ ಆಸ್ಪತ್ರೆಯ ಅಂಗಳದಲ್ಲಿ ಮಲಗಿ, ಬೆಳಗಾದರೆ ಮತ್ತೆ ಊರಿಗೆ. ಹೆಚ್ಚಾದಾಗ ಹೀಗೆ ನಡೆಯುವ ಮಕ್ಕಳು 40,000ದ ಹತ್ತಿರ ಇದ್ದರು. 2003ರ ಜೂನ್‌ನಲ್ಲಿ ಆರ್ಚ್‌ಬಿಷಪ್ ಜಾನ್ ಬ್ಯಾಪ್ಟಿಸ್ಟ್ ಒಡಾಮಾ ಮತ್ತು ಉಳಿದ ಧರ್ಮಗುರುಗಳು ನಾಲ್ಕು ರಾತ್ರಿ ಆ ಮಕ್ಕಳ ಜೊತೆಯೇ ಗುಲುವಿನ ಬೀದಿಯಲ್ಲಿ ಮಲಗಿದರು. ಆಮೇಲೆ ಹೊರಗಿನ ಪ್ರಪಂಚ ಈ ಮಕ್ಕಳತ್ತ ತಿರುಗಿ ನೋಡತೊಡಗಿತು.

ನನ್ನ ಕಸುಬಿನ ಕಣ್ಣಿಗೆ ಇವೆಲ್ಲಕ್ಕಿಂತ ಹೆಚ್ಚು ಹೊಳೆಯುವುದು ಒಂದು ರೇಡಿಯೋ ಕಾರ್ಯಕ್ರಮ. ಗುಲುವಿನ ಮೆಗಾ ಎಫ್‌ಎಂನಲ್ಲಿ ಅಚೋಲಿ ಭಾಷೆಯಲ್ಲಿ ಬರುತ್ತಿತ್ತು. ಹೆಸರಿನ ಅರ್ಥ ಮನೆಗೆ ಮರಳಿ ಬಾ. ತಪ್ಪಿಸಿಕೊಂಡು ಬಂದವರೇ ಅದರಲ್ಲಿ ಮಾತಾಡುತ್ತಿದ್ದರು. ನಾನು ಬದುಕಿದ್ದೇನೆ, ನನ್ನನ್ನು ಯಾರೂ ಕೊಂದಿಲ್ಲ, ಅಮ್ಮ ಇಲ್ಲೇ ಇದ್ದಾಳೆ. ಕಾಡಿನಲ್ಲಿ ಕದ್ದು ರೇಡಿಯೋ ಕೇಳುವ ಹುಡುಗನಿಗೆ, ಸತ್ತಿದ್ದಾನೆ ಎಂದುಕೊಂಡ ಗೆಳೆಯನ ದನಿ ಕೇಳಿಸುತ್ತದೆ. ಕಮಾಂಡರು ಕಟ್ಟಿದ ಸುಳ್ಳು ಅಲ್ಲಿಗೆ ಬಿರುಕು ಬಿಡುತ್ತದೆ. ಆ ಕಾರ್ಯಕ್ರಮ ಕೇಳಬಾರದು ಎಂದು ಕಮಾಂಡರ್‌ಗಳು ಕಟ್ಟಪ್ಪಣೆ ಮಾಡಿದ್ದರಂತೆ.

ಮರಳಿ ಬಂದವರನ್ನು ಒಳಗೆ ಕರೆದುಕೊಳ್ಳಲು ಅಚೋಲಿಗಳಲ್ಲಿ ಒಂದು ಹಳೆಯ ಪದ್ಧತಿ ಇತ್ತು. ನ್ಯೋನೋ ತೊಂಗ್ ಗ್ವೆನೋ, ಅಂದರೆ ಮೊಟ್ಟೆ ತುಳಿಯುವುದು. ಬಹಳ ದಿನ ಊರು ಬಿಟ್ಟಿದ್ದವರು ಮನೆಯ ಆವರಣಕ್ಕೆ ಕಾಲಿಡುವಾಗ ಮಾಡುವ ಶಾಸ್ತ್ರ. ದಾರಿಯಲ್ಲಿ ಒಂದು ಹಸಿ ಮೊಟ್ಟೆ ಇಡುತ್ತಾರೆ. ಅದರ ಜೊತೆ ಒಪೋಬೋ ಎಂಬ ಗಿಡದ ಕಡ್ಡಿ ಮತ್ತು ಲಯಿಬಿ ಎಂಬ ಕೋಲು. ಮೊಟ್ಟೆ ಏನೂ ಅರಿಯದ, ಕಲೆಯಿಲ್ಲದ ಜೀವದ ಗುರುತು. ಒಪೋಬೋ ಲೋಳೆಲೋಳೆಯಾದ ಗಿಡ, ಹಿಂದೆ ಸಾಬೂನಿನ ಹಾಗೆ ಬಳಸುತ್ತಿದ್ದರು, ಕೊಳೆ ತೊಳೆಯಲು. ಲಯಿಬಿ ಕಣಜದ ಮುಚ್ಚಳ ಎತ್ತುವ ಕೋಲು. ಅಂದರೆ ಈ ಮನೆಯ ಕಾಳು ಇನ್ನು ಮೇಲೆ ನಿನಗೂ ಸೇರಿದ್ದು. ನಮ್ಮಲ್ಲಿ ಹೊಸ ಸೊಸೆ ಅಕ್ಕಿ ತುಂಬಿದ ಸೇರನ್ನು ಕಾಲಿನಿಂದ ತಳ್ಳಿ ಒಳಗೆ ಬರುತ್ತಾಳಲ್ವಾ, ಆಗ ಅವಳು ಆ ಮನೆಯವಳಾದಳು ಎಂದು ಎಲ್ಲರ ಎದುರು ತೀರ್ಮಾನ ಆಗುತ್ತದೆ. ಇದೂ ಹಾಗೇ. ಮಗು ಹೊಸ್ತಿಲು ದಾಟಿದ್ದನ್ನು ಊರು ಕಣ್ಣಾರೆ ನೋಡುತ್ತದೆ. ಕೆಲವೊಮ್ಮೆ ನೂರಾರು ಜನರನ್ನು ಒಟ್ಟಿಗೆ ನಿಲ್ಲಿಸಿ ಈ ಶಾಸ್ತ್ರ ಮಾಡಿದರು.

ಇದೆಲ್ಲ ಮೂಢನಂಬಿಕೆ ಅಂತ ತರಬೇತಿಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಹಾಗಲ್ಲ. ಥೆರೆಸಾ ಬೆಟನ್‌ಕೋರ್ಟ್ ಎಂಬ ಸಂಶೋಧಕಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಹೀಗೆ ಯುದ್ಧದಿಂದ ಮರಳಿದ ಮಕ್ಕಳನ್ನು 2002ರಿಂದ ವರ್ಷಗಟ್ಟಲೆ ಗಮನಿಸಿದರು. ಮನೆಯವರು, ಊರಿನವರು ಒಪ್ಪಿಕೊಂಡ ಮಕ್ಕಳು ಚೇತರಿಸಿಕೊಂಡರು. ಜನರ ಹಂಗಿಸುವಿಕೆಗೆ ಸಿಕ್ಕವರಲ್ಲಿ ಖಿನ್ನತೆ, ಸಿಟ್ಟು ಜಾಸ್ತಿ ಕಂಡಿತು. ಮಗು ಏನನ್ನು ಅನುಭವಿಸಿತು ಎನ್ನುವಷ್ಟೇ, ಬಂದ ಮೇಲೆ ಅದನ್ನು ಹೇಗೆ ನಡೆಸಿಕೊಂಡರು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ನನ್ನ ಕೆಲಸದಲ್ಲೂ ಅದನ್ನೇ ನೋಡಿದ್ದೇನೆ. ಒಂದೇ ತಿಂಗಳಲ್ಲಿ ಇಬ್ಬರು ಹುಡುಗರನ್ನು ಮನೆಗೆ ಕಳಿಸಿದ್ದೆವು. ಒಬ್ಬನ ಅಜ್ಜಿ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, "ಊಟ ಮಾಡು ಬಾ ಮಗಾ" ಎಂದರು. ಇನ್ನೊಬ್ಬನ ಮನೆಯಲ್ಲಿ ಕೂರುವ ಮುಂಚೆಯೇ ಚಿಕ್ಕಪ್ಪ, "ಎಲ್ಲೆಲ್ಲಿ ಏನೇನು ಮಾಡ್ಕೊಂಡು ಬಂದ್ಯೋ" ಎಂದರು. ಎರಡನೆಯವನು ಒಂದು ವಾರದೊಳಗೆ ಮತ್ತೆ ಕಾಣೆಯಾದ. ಮನೆಯವರನ್ನು ಮೊದಲೇ ಕೂರಿಸಿಕೊಂಡು ಮಾತಾಡದೇ ಇದ್ದದ್ದು ನನ್ನ ತಪ್ಪು. ಈಗ ಮಗುವಿನ ಜೊತೆ ಎಷ್ಟು ಹೊತ್ತು ಕೂರುತ್ತೇನೋ, ಮನೆಯವರ ಜೊತೆಯೂ ಅಷ್ಟೇ ಹೊತ್ತು ಕೂರುತ್ತೇನೆ.

ಮೊಟ್ಟೆ ತುಳಿದ ಕೂಡಲೇ ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. 2006ರ ಆಗಸ್ಟ್‌ನಲ್ಲಿ ಈಗಿನ ದಕ್ಷಿಣ ಸುಡಾನಿನ ಜೂಬಾ ನಗರದಲ್ಲಿ ಸರ್ಕಾರ ಮತ್ತು ಕೋನಿಯ ಪಡೆಯ ನಡುವಿನ ಕದನವಿರಾಮಕ್ಕೆ ಸಹಿ ಬಿತ್ತು. ಉತ್ತರ ಉಗಾಂಡದಲ್ಲಿ ಗುಂಡಿನ ಸದ್ದು ನಿಂತಿತು. ಮಕ್ಕಳು ರಾತ್ರಿ ತಮ್ಮ ಮನೆಯಲ್ಲೇ ಮಲಗುವಂತಾಯಿತು. ಆದರೆ ಕೋನಿ ಕೊನೆಯ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಪಕ್ಕದ ದೇಶಗಳ ಕಾಡಿಗೆ ಸರಿದು ಅಲ್ಲಿಯ ಮಕ್ಕಳನ್ನು ಹೊತ್ತೊಯ್ದ.

ಡೊಮಿನಿಕ್ ಒಂಗ್ವೆನ್ ವಿಷಯ ಇನ್ನೂ ಕಷ್ಟದ್ದು. ಚಿಕ್ಕ ಹುಡುಗನಾಗಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಅವನನ್ನು ಹೊತ್ತೊಯ್ದಿದ್ದರು. ಬೆಳೆದು ಅವನೇ ಕಮಾಂಡರ್ ಆದ, ಬೇರೆ ಮಕ್ಕಳನ್ನು ಹೊತ್ತೊಯ್ದ. 2021ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅವನಿಗೆ 25 ವರ್ಷ ಶಿಕ್ಷೆ ಕೊಟ್ಟಿತು. ಅವನ ಬಾಲ್ಯವನ್ನು ನೋಡಿಯೇ ಜೀವಾವಧಿ ಕೊಡಲಿಲ್ಲ. ಶಿಕ್ಷೆ ಆಗಲೇಬೇಕಿತ್ತು ಎಂದು ನನ್ನ ಅಭಿಪ್ರಾಯ. ಅವನ ಕೈಯಲ್ಲಿ ನರಳಿದ ಹೆಣ್ಣುಮಕ್ಕಳ ಮಾತು ಓದಿದರೆ ಬೇರೆ ಹೇಳಲು ಬಾಯಿ ಬರುವುದಿಲ್ಲ. ಆದರೂ ಶಾಲೆಯ ದಾರಿಯಲ್ಲಿದ್ದ ಆ ಹುಡುಗನನ್ನು ಆ ದಿನ ಕಾಪಾಡುವವರು ಯಾರೂ ಇರಲಿಲ್ಲ ಎನ್ನುವ ಸಂಕಟ ಹೋಗುವುದಿಲ್ಲ.

ಈಗ ಉಳಿದಿರುವ ದೊಡ್ಡ ಕೆಲಸ ಕಾಡಿನಲ್ಲಿ ಹುಟ್ಟಿದ ಮಕ್ಕಳದ್ದು. ಅಚೋಲಿಗಳಲ್ಲಿ ಕುಲ, ಜಮೀನು ಎಲ್ಲ ಬರುವುದು ತಂದೆಯ ಕಡೆಯಿಂದ. ಕಾಡಿನಲ್ಲಿ ಹುಟ್ಟಿದ ಮಗುವಿಗೆ ಅದಿಲ್ಲ. ತಾಯಿಯ ಹೊಸ ಗಂಡ ಬೇಡ ಎನ್ನುತ್ತಾನೆ, ನೆರೆಯವರು ಕೋನಿಯ ಮಗು ಎಂದು ಕರೆಯುತ್ತಾರೆ. ಹೀಗೆ ಮಕ್ಕಳನ್ನು ಕಟ್ಟಿಕೊಂಡು ಬಂದ ಹೆಂಗಸರು 2011ರಲ್ಲಿ ಗುಲುವಿನಲ್ಲಿ ವಿಮೆನ್ಸ್ ಅಡ್ವೊಕೆಸಿ ನೆಟ್‌ವರ್ಕ್ ಎಂಬ ತಮ್ಮದೇ ಗುಂಪು ಕಟ್ಟಿಕೊಂಡರು. 2014ರಲ್ಲಿ ಸಂಸತ್ತಿಗೆ ಮನವಿ ಕೊಟ್ಟರು. ಸಂಸತ್ತು ಅವರ ಪರವಾಗಿ ನಿರ್ಣಯವನ್ನೂ ಮಾಡಿತು. ಆದರೆ ಅವರು ಕಾಗದ ನೋಡುತ್ತ ಕೂರಲಿಲ್ಲ.

ಒಬ್ಬ ತಾಯಿಗೆ ಮಗುವಿನ ತಂದೆಯ ಅಡ್ಡಹೆಸರು ಮಾತ್ರ ಗೊತ್ತಿರುತ್ತದೆ. ಇನ್ನೊಬ್ಬಳಿಗೆ ಅವನ ಊರಿನ ಹೆಸರು ಅರ್ಧಂಬರ್ಧ ನೆನಪಿರುತ್ತದೆ. ಅಷ್ಟನ್ನೇ ಹಿಡಿದು ಆ ತಂದೆಯ ಕುಲದವರನ್ನು ಹುಡುಕುತ್ತಾರೆ. ಮೊದಲು ಹಿರಿಯರ ಜೊತೆ ಮಾತಾಡಿ, ಒಪ್ಪಿದರೆ ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಕೆಲವು ಮನೆಗಳಲ್ಲಿ ಒಳಗೆ ಕರೆಯುತ್ತಾರೆ. ಕಳೆದುಹೋದ ಮಗನ ಗುರುತು ಮೊಮ್ಮಗುವಿನಲ್ಲಿ ಸಿಕ್ಕಿತೆಂದು ಅಳುತ್ತಾರೆ. ಕೆಲವು ಮನೆಗಳಲ್ಲಿ ಕರೆಯುವುದಿಲ್ಲ. ಆಗ ಸ್ವಲ್ಪ ಸಮಯ ಬಿಟ್ಟು, ಊರಿನ ಇನ್ನೊಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಮತ್ತೆ ಹೋಗುತ್ತಾರೆ.