ಇಲಿ ಬಿದ್ದರೆ ಊರು ಬಿಡು

ಹಳೇ ಮೈಸೂರು ಸೀಮೆಯ ಹಿರಿಯರ ಬಾಯಲ್ಲಿ ‘ಇಲಿ ಬಿತ್ತು’ ಅಂದರೆ ಒಂದೇ ಅರ್ಥ: ಊರಿಗೆ ಪ್ಲೇಗು ಬಂತು. ಅಟ್ಟದಿಂದ ಇಲಿಯೊಂದು ದೊಪ್ಪನೆ ಬಿದ್ದು ಸತ್ತರೆ ಸಾಕು, ಪಾತ್ರೆ ಪಡಗ ಕಟ್ಟಿಕೊಂಡು ಜನ ಊರಾಚೆಯ ಬಯಲಿಗೆ ನಡೆಯುತ್ತಿದ್ದರು. ಅಲ್ಲೇ ಗುಡಿಸಲು, ಅಲ್ಲೇ ಒಲೆ.

1896ರಲ್ಲಿ ಮುಂಬೈಗೆ ಬಂದ ಪ್ಲೇಗು 1898ರ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ, ಸುಡುವ ಜ್ವರ. ಮೈಸೂರು ಸರ್ಕಾರ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಮಾಡಿತು. ಆ ಕಾಲದಲ್ಲಿ ಊರೂರಲ್ಲಿ ಆರೋಗ್ಯ ಸೇವೆ ಅಂದರೆ ಜಾಸ್ತಿ ಬಲವಂತವೇ. ರೈಲಿಳಿದವರ ಮೈ ತಪಾಸಣೆ, ಕಾಯಿಲೆಯವರನ್ನು ಮನೆಯಿಂದ ಎತ್ತಿಕೊಂಡು ಕ್ಯಾಂಪಿಗೆ ಸಾಗಿಸುವುದು, ಬಿಸಿಲು ಬೀಳಲೆಂದು ಹೆಂಚು ತೆಗೆಸಿ ಸುಣ್ಣ ಹೊಡೆಸುವುದು. ಹೆಂಗಸರ ಮೈ ಮುಟ್ಟಿ ನೋಡುತ್ತಾರೆಂದರೆ ಯಾವ ಮನೆಯವರು ಒಪ್ಪುತ್ತಾರೆ? ಜನ ರೋಗಿಗಳನ್ನು ಬಚ್ಚಿಟ್ಟರು. ಬಚ್ಚಿಟ್ಟಷ್ಟೂ ರೋಗ ಹಬ್ಬಿತು.

ರೋಗ ದಾಟುವುದು ಹೇಗೆ ಅಂತ ಆಗ ವೈದ್ಯರಿಗೇ ಖಚಿತವಿರಲಿಲ್ಲ. ಇಲಿ ಸತ್ತು ತಣ್ಣಗಾದ ಮೇಲೆ ಅದರ ಮೈಮೇಲಿನ ಚಿಗಟ ಬೇರೆ ಬಿಸಿರಕ್ತ ಹುಡುಕುತ್ತದೆ. ಹತ್ತಿರ ಮಲಗಿರುವ ಮನುಷ್ಯ ಸಿಗುತ್ತಾನೆ. ಇದನ್ನು 1898ರಲ್ಲಿ ಕರಾಚಿಯಲ್ಲಿ ತೋರಿಸಿದ್ದು ಫ್ರೆಂಚ್ ವೈದ್ಯ ಸೈಮಂಡ್. ವೈದ್ಯಲೋಕ ಅದನ್ನು ಒಪ್ಪಲು ಹಲವು ವರ್ಷ ಹಿಡಿಯಿತು. ಬಯಲಿಗೆ ಹೋದ ಜನ ಚಿಗಟದ ಸುದ್ದಿ ಗೊತ್ತಿಲ್ಲದೆಯೇ ಅದರಿಂದ ದೂರ ಸರಿದಿದ್ದರು. ಅವರನ್ನು ಸುಮ್ನೆ ಹೆದರಿದವರು ಅನ್ನೋದು ಅನ್ಯಾಯ.

ಪೇಟೆ ಮಾತ್ರ ಬರಿದಾಯಿತು. 1891ರಲ್ಲಿ ಬೆಂಗಳೂರು ನಗರದಲ್ಲಿ 80 ಸಾವಿರ ಜನರಿದ್ದರು; 1901ರ ಎಣಿಕೆಗೆ 70 ಸಾವಿರವೂ ಉಳಿಯಲಿಲ್ಲ. ಇಕ್ಕಟ್ಟಿನ ಓಣಿಗಳೇ ಅಪಾಯ ಎಂದು ಮನಗಂಡ ಸರ್ಕಾರ ಮೊದಲೇ ಯೋಜನೆಯಾಗಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಬೆಳೆಸಿತು. ಅಗಲ ರಸ್ತೆ, ಮನೆಗಳ ಬೆನ್ನಿಗೆ ಕಿರುಓಣಿ. ಮಲ ಹೊರುವವರು ಮುಂಬಾಗಿಲಿಗೆ ಬರದೆ ಓಡಾಡಲೆಂದೇ ಆ ಓಣಿ. ಊರಿನ ಆರೋಗ್ಯ ನಿಂತಿದ್ದು ಅವರ ದುಡಿಮೆಯ ಮೇಲೆ; ಹೊಸ ಸೈಟಿನ ಗಾಳಿ ಬೆಳಕಲ್ಲಿ ಅವರಿಗೆ ಪಾಲಿರಲಿಲ್ಲ.

ಕ್ಯಾಂಪುಗಳಲ್ಲಿ ದುಡಿದವರಲ್ಲಿ ಡಾ. ಪದ್ಮನಾಭನ್ ಪಲ್ಪು ಒಬ್ಬರು. ಕೆಳಜಾತಿ ಎಂದು ಆಗ ದೂರವಿಟ್ಟಿದ್ದ ಈಳವ ಜಾತಿಯವರೆಂಬ ಕಾರಣಕ್ಕೆ ಇಂದಿನ ಕೇರಳದ ತಿರುವಾಂಕೂರು ಸಂಸ್ಥಾನದ ಸರ್ಕಾರ ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಕೊಟ್ಟಿತು. ಹೆಣಗಳ ನಡುವೆ ನಿಂತು ಅವರು ಇಲ್ಲಿಯವರ ಸೇವೆ ಮಾಡಿದರು.

ವಿಜ್ಞಾನಿ ಹಾಫ್‌ಕಿನ್ ತಯಾರಿಸಿದ ಪ್ಲೇಗಿನ ಚುಚ್ಚುಮದ್ದು 1897ರಲ್ಲೇ ಬಂದಿತ್ತು. ಜನ ತೋಳು ಚಾಚಲು ಹಿಂಜರಿದರು. ರೋಗ ಬಂದಾಗ ಧಾವಿಸಿ, ಇಳಿದಾಗ ಮಾಯವಾಗುವ ಅಧಿಕಾರಿಯನ್ನು ಹಳ್ಳಿಯವರು ನಂಬುವುದಾದರೂ ಹೇಗೆ ಅಲ್ವಾ? ರೋಗವಿಲ್ಲದ ದಿನಗಳಲ್ಲೂ ಊರಲ್ಲೇ ಇರುವ ಸಿಬ್ಬಂದಿ, ಹುಟ್ಟು ಸಾವಿನ ಲೆಕ್ಕ, ತರಬೇತಾದ ಸೂಲಗಿತ್ತಿ, ಇವೆಲ್ಲ ಒಂದೇ ಕಡೆ ಸಿಗಲು 1930ರ ದಶಕದವರೆಗೆ ಕಾಯಬೇಕಾಯಿತು. ಆಗ ಅಮೆರಿಕದ ದತ್ತಿ ಸಂಸ್ಥೆ ರಾಕ್‌ಫೆಲರ್ ಫೌಂಡೇಷನ್ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಸುತ್ತಲ ಹಳ್ಳಿಗಳಿಗಾಗಿ ಆರೋಗ್ಯ ಕೇಂದ್ರ ಶುರುವಾಯಿತು.