ಹಾರ್ಡನರ್ ಜಾಸ್ತಿ ಹಾಕಿದರೆ ಫೈಬರ್ ಗಟ್ಟಿ ಆಗುತ್ತಾ?

ಪ್ರಶ್ನೆ: ಅಣ್ಣಾ, ನನ್ನದು 2012ರ ಸ್ವಿಫ್ಟ್. ಮುಂದಿನ ಬಂಪರಿಗೆ ಒಂದು ಲಿಪ್ (ಕೆಳ ಅಂಚಿಗೆ ಕೂರೋ ಪಟ್ಟಿ) ಮನೆಯಲ್ಲೇ ಫೈಬರ್‌ನಲ್ಲಿ ಮಾಡ್ಕೋಬೇಕು ಅಂತಿದೀನಿ. ರೆಡಿಮೇಡ್ ಕಿಟ್ ತಗೊಳ್ಳೋ ಅಷ್ಟು ದುಡ್ಡಿಲ್ಲ. ನಮ್ಮ ರೋಡಿಗೆ ಗಟ್ಟಿಯಾಗಿ ಬರಬೇಕು ಅಂದ್ರೆ 1 ಕೆಜಿ ರೆಸಿನ್‌ಗೆ ಹಾರ್ಡನರ್ ಎಷ್ಟು ಜಾಸ್ತಿ ಹಾಕ್ಲಿ? (ಗುಬ್ಬಿ ಕಡೆಯ ಓದುಗರೊಬ್ಬರು)

ಉತ್ತರ: ಜಾಸ್ತಿ ಹಾಕಲೇಬೇಡಿ. ರೆಸಿನ್ ಅಂದರೆ ಗಾಜಿನ ಎಳೆಗಳ ಮ್ಯಾಟಿಗೆ ಸವರೋ, ಆಮೇಲೆ ಗಟ್ಟಿಯಾಗೋ ದ್ರವ; ಹಾರ್ಡನರ್ ಅದಕ್ಕೆ ಬೆರೆಸೋದು. 1 ಕೆಜಿ ಪಾಲಿಯೆಸ್ಟರ್ ರೆಸಿನ್‌ಗೆ 10ರಿಂದ 20 ಗ್ರಾಂ, ಅಂದರೆ ನೂರಕ್ಕೆ 1ರಿಂದ 2. ಏಪ್ರಿಲ್ ಬಿಸಿಲಲ್ಲಿ 10 ಗ್ರಾಂ ಸಾಕು. ಡಿಸೆಂಬರ್ ಬೆಳಗ್ಗೆ 20ರ ಹತ್ತಿರ ಹೋಗಿ. ಅದರ ಆಚೆ ಬೇಡ.

ಕೇಳಿದ್ದಕ್ಕೆ ಉತ್ತರ ಇಷ್ಟೇ. ಆದರೆ ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕು ಸಲ ಬರುತ್ತೆ. ನಾನು ಇದನ್ನೇ ಹೇಳ್ತೀನಿ, ಕೇಳಿದವರು ಹೂಂ ಅಂತ ಹೋಗಿ, ‘ಇರ್ಲಿ’ ಅಂತ ಎರಡು ಮುಚ್ಚಳ ಹೆಚ್ಚಿಗೇ ಸುರಿದು, ಆಮೇಲೆ ಬಿರುಕು ಬಿಟ್ಟ ಲಿಪ್ಪಿನ ಫೋಟೋ ಕಳಿಸ್ತಾರೆ. ಅದಕ್ಕೇ ಈ ಸಲ ಯಾಕೆ ಅನ್ನೋದನ್ನ ಪೂರ್ತಿ ಬರೀತಿದೀನಿ.

ಎಡವಟ್ಟು ಆ ಹೆಸರಿನಲ್ಲೇ ಇದೆ. ‘ಹಾರ್ಡನರ್’ ಅಂದ ಕೂಡಲೇ ಗಟ್ಟಿತನ ಕೊಡೋದೇ ಅದು ಅಂತ ತಲೆಯಲ್ಲಿ ಕೂತುಬಿಡುತ್ತೆ. ಸಿಮೆಂಟು ಹೆಚ್ಚು ಬಿದ್ದಷ್ಟೂ ಗಾರೆ ಗಟ್ಟಿ ಅನ್ನೋ ಲೆಕ್ಕ. ಅಂಗಡಿಯವರು ಹಾರ್ಡನರ್ ಅಂತ ಕೊಡೋ ಆ ನೀರಿನಂಥ ದ್ರವ ಎಂಇಕೆಪಿ, ಪೂರ್ತಿ ಹೆಸರು ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ಗಟ್ಟಿಯಾಗೋದು ಅದಲ್ಲ. ರೆಸಿನ್ ಡಬ್ಬಿಯೊಳಗೆ ಮೊದಲೇ ಇರೋ ಪಾಲಿಯೆಸ್ಟರ್ ಮತ್ತು ಸ್ಟೈರೀನ್ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ಎಂಇಕೆಪಿ ಆ ಕೆಲಸವನ್ನ ಶುರು ಮಾಡಿಸುತ್ತೆ.

ಹಾಲಿಗೆ ಹೆಪ್ಪು ಹಾಕೋದನ್ನ ನೆನೆಸಿಕೊಳ್ಳಿ. ಒಂದು ಲೀಟರ್ ಹಾಲಿಗೆ ಒಂದು ಚಮಚ ಮೊಸರು. ಗಟ್ಟಿ ಮೊಸರು ಬೇಕು ಅಂತ ಯಾರ ಮನೆಯಲ್ಲೂ ಒಂದು ಲೋಟ ಹೆಪ್ಪು ಸುರಿಯಲ್ಲ. ಸುರಿದರೆ ಹುಳಿ ಬಂದು ನೀರು ಬಿಡುತ್ತೆ. ಗಟ್ಟಿ ಮೊಸರು ಬರೋದು ಗಟ್ಟಿ ಹಾಲಿನಿಂದ. ಬೇಸಿಗೆಯಲ್ಲಿ ಚಮಚದ ತುದಿಯಷ್ಟು ಹಾಕ್ತಾರೆ, ಚಳಿಗಾಲದಲ್ಲಿ ಒಂಚೂರು ಹೆಚ್ಚು ಹಾಕಿ ಪಾತ್ರೆಯನ್ನ ಬೆಚ್ಚಗಿರೋ ಜಾಗದಲ್ಲಿ ಇಡ್ತಾರೆ. ಎಂಇಕೆಪಿಯೂ ಹೆಪ್ಪೇ. ಲಿಪ್ ಗಟ್ಟಿ ಬೇಕಾದರೆ ಮ್ಯಾಟ್ ಇನ್ನೊಂದು ಪದರ ಹಾಕಿ, ಹೆಪ್ಪನ್ನ ಹೆಚ್ಚಿಸಬೇಡಿ.

ಜಾಸ್ತಿ ಸುರಿದರೆ ಆಗೋದು ಇದು. ರೆಸಿನ್ ಗಟ್ಟಿಯಾಗುವಾಗ ತನ್ನೊಳಗಿಂದಲೇ ಶಾಖ ಬಿಡುತ್ತೆ, ಜೊತೆಗೆ ಗಾತ್ರದಲ್ಲಿ ನೂರಕ್ಕೆ 5ರಿಂದ 8ರಷ್ಟು ಕುಗ್ಗುತ್ತೆ. ನಿಧಾನವಾಗಿ ಆದರೆ ಶಾಖ ಹೊರಗೆ ಹೋಗೋಕೆ ಸಮಯ ಸಿಗುತ್ತೆ. ಒಮ್ಮೆಗೇ ಆದರೆ ಒಳಗೆ ಬೇಯುತ್ತೆ, ಅಂಚು ಬಾಗುತ್ತೆ, ಬಿರಿಯುತ್ತೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಆ ಬಾಟಲಿಯಲ್ಲಿ ಇರೋದು ಬರೀ ಪೆರಾಕ್ಸೈಡ್ ಅಲ್ಲ. ಬರೀ ಪೆರಾಕ್ಸೈಡ್ ಸಿಡಿಯೋ ವಸ್ತು, ಅದಕ್ಕೇ ಎಣ್ಣೆಯಂಥ ಪ್ಲಾಸ್ಟಿಸೈಸರ್‌ನಲ್ಲಿ ಬೆರೆಸಿ ಮಾರ್ತಾರೆ. ನೀವು ಹೆಚ್ಚಿಗೆ ಸುರಿದಷ್ಟೂ ಆ ಎಣ್ಣೆಯಂಶ ಲಿಪ್ಪಿನೊಳಗೇ ಉಳಿದು ಅದರ ಕಸುವನ್ನ ಕಮ್ಮಿ ಮಾಡುತ್ತೆ.

ಅಂತರಸನಹಳ್ಳಿಯ ನನ್ನ ಶೆಡ್ಡಿಗೆ ಕೆಲಸ ಕಲಿಯೋಕೆ ಬರೋ ಹುಡುಗರಿಗೆ ಮೊದಲ ದಿನ ಬ್ರಷ್ ಕೊಡಲ್ಲ, ಮೂರು ಪೇಪರ್ ಕಪ್ ಕೊಡ್ತೀನಿ. ಒಂದೊಂದರಲ್ಲೂ 100 ಗ್ರಾಂ ರೆಸಿನ್. ಮೊದಲನೆಯದಕ್ಕೆ 1 ಗ್ರಾಂ ಹಾರ್ಡನರ್, ಎರಡನೆಯದಕ್ಕೆ 2, ಮೂರನೆಯದಕ್ಕೆ ಅವರ ಆಸೆಯಂತೆ 6. ಹೋದ ಮೇನಲ್ಲಿ ಒಬ್ಬನ ಕೈಲಿ ಮಾಡಿಸಿದಾಗ ಮೂರನೇ ಕಪ್ಪು ಕಲಸಿ ಸ್ವಲ್ಪ ಹೊತ್ತಿಗೇ ಹಲ್ವದ ಹಾಗೆ ಮುದ್ದೆಯಾಗಿ ಕಡ್ಡಿ ಸಿಕ್ಕಿಕೊಂಡಿತು. ಆಮೇಲೆ ಕಪ್ಪಿನ ಬುಡ ಮುಟ್ಟೋಕೆ ಆಗದಷ್ಟು ಸುಡ್ತು, ಹೊಗೆ ಎದ್ದಿತು, ಒಳಗಿಂದ ‘ಟಪ್’ ಅಂತ ಸದ್ದು ಬಂತು. ಮಾರನೇ ದಿನ ಕಪ್ ಹರಿದು ನೋಡಿದರೆ ಕಂದು ಬಣ್ಣಕ್ಕೆ ತಿರುಗಿದ ಬಿಲ್ಲೆ, ಉದ್ದಕ್ಕೂ ಸೀಳು. ಮೇಜಿನ ಮೂಲೆಗೆ ಒಂದೇಟು ಕೊಟ್ಟಾಗ ಬೆಲ್ಲದಚ್ಚಿನ ಹಾಗೆ ಚೂರಾಯಿತು. 1 ಗ್ರಾಂ ಹಾಕಿದ್ದ ಬಿಲ್ಲೆ ಒಡೆಯೋಕೆ ಸುತ್ತಿಗೆ ಬೇಕಾಯಿತು. ಆ ಹುಡುಗ ಈಗ ತೂಕ ಮಾಡದೆ ಒಂದು ಹನಿಯನ್ನೂ ಹಾಕಲ್ಲ. ಅದನ್ನ ನೋಡಿದಾಗ ನನಗೆ ನಿಜಕ್ಕೂ ಖುಷಿಯಾಗುತ್ತೆ.

ಇಷ್ಟಾದರೂ ಈ ನಂಬಿಕೆ ಯಾಕೆ ಸಾಯಲ್ಲ ಅಂದರೆ, ಅದಕ್ಕೆ ಎರಡು ಕಡೆಯಿಂದ ಗೊಬ್ಬರ ಸಿಗ್ತಿದೆ. ಒಂದು, ಅಂಟು. ಸರಿಯಾದ ಅಳತೆ ಹಾಕಿದರೂ ಪಾಲಿಯೆಸ್ಟರ್‌ನ ಮೇಲ್ಮೈ ಮಾರನೇ ದಿನವೂ ಕೈಗೆ ಅಂಟುತ್ತೆ. ‘ಹಾರ್ಡನರ್ ಸಾಲದಾಯ್ತು’ ಅಂತ ಎಲ್ಲರೂ ಅಂದುಕೊಳ್ತಾರೆ. ಸಾಲದೆ ಅಲ್ಲ, ಗಾಳಿಯಲ್ಲಿರೋ ಆಮ್ಲಜನಕ ಆ ಮೇಲಿನ ತೆಳು ಪದರವನ್ನ ಪೂರ್ತಿ ಗಟ್ಟಿಯಾಗೋಕೆ ಬಿಡಲ್ಲ. ಕೊನೆಯ ಕೋಟ್ ಮೇಲೆ ತೆಳು ಪ್ಲಾಸ್ಟಿಕ್ ಶೀಟ್ ಒತ್ತಿ ಗಾಳಿ ತಡೆಯಿರಿ, ಅಂಟು ಇರಲ್ಲ. ಅಥವಾ ಅಸಿಟೋನ್ ಬಟ್ಟೆಯಲ್ಲಿ ಒರೆಸಿ ಎಮರಿ ಹೊಡೆಯಿರಿ.

ಎರಡನೆಯದು, ಎಪಾಕ್ಸಿ ಅನ್ನೋ ಇನ್ನೊಂದು ಬಗೆಯ ರೆಸಿನ್. ಅದರ ಡಬ್ಬಿಯಲ್ಲೂ ಹಾರ್ಡನರ್ ಅಂತಲೇ ಬರೆದಿರುತ್ತೆ, ಆದರೆ ಅದು ಹೆಪ್ಪಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಅಕ್ಕಿ, ಉದ್ದು ಎರಡೂ ಬೇಕಲ್ಲ, ಹಾಗೆ ಅದು ಪದಾರ್ಥದ್ದೇ ಒಂದು ಭಾಗ. ಡಬ್ಬಿಯ ಮೇಲಿನ ಅಳತೆಯನ್ನ ಚಳಿಗೂ ಬಿಸಿಲಿಗೂ ಬದಲಾಯಿಸೋ ಹಾಗಿಲ್ಲ. ಎಪಾಕ್ಸಿಯ ವೀಡಿಯೊ ನೋಡಿ ಪಾಲಿಯೆಸ್ಟರ್ ಕಲಸಿದರೆ ಏನಾಗುತ್ತೆ ಅನ್ನೋದನ್ನ ಆ ಮೂರನೇ ಕಪ್ಪು ಹೇಳಿದೆ.

ಅಳತೆಯ ಮಾತಿಗೆ ಮುಂಚೆ ಜೀವದ ಮಾತು. ಅಂಗಡಿಯಲ್ಲಿ ರೆಸಿನ್ ಜೊತೆ ನೇರಳೆ ಬಣ್ಣದ ಕೋಬಾಲ್ಟ್ ಬಾಟಲಿಯನ್ನೂ ಬೇರೆಯಾಗಿ ಕೊಡ್ತಾರೆ, ಅದು ಆಕ್ಸಿಲರೇಟರ್, ಗಟ್ಟಿಯಾಗೋದನ್ನ ಚುರುಕು ಮಾಡೋದು. ಕೋಬಾಲ್ಟನ್ನೂ ಎಂಇಕೆಪಿಯನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತುತ್ತೆ, ಸಿಡಿಯಲೂಬಹುದು. ಒಂದೇ ಸಿರಿಂಜನ್ನ ಎರಡಕ್ಕೂ ಬಳಸಬೇಡಿ. ಮೊದಲ ಸಲ ಮಾಡೋರು ಅಂಗಡಿಯಲ್ಲೇ ಕೋಬಾಲ್ಟ್ ಬೆರೆಸಿದ ರೆಸಿನ್ ಕೇಳಿ ತಗೊಳ್ಳಿ, ಆ ತಂಟೆಯೇ ಇರಲ್ಲ. ಎಂಇಕೆಪಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಸೇಫ್ಟಿ ಕನ್ನಡಕ ಹಾಕದೆ ಮುಚ್ಚಳ ತೆಗೆಯಬೇಡಿ. ಸಿಡಿದರೆ ಕೂಡಲೇ ನೀರು, ಹದಿನೈದು ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಹೋಗಿ. ಕೆಲಸ ಅಂಗಳದಲ್ಲೇ ಮಾಡಿ, ರೂಮಿನೊಳಗೆ ಬೇಡ.

ಈಗ ಲೆಕ್ಕ. ನಿಮ್ಮ ಕಾರಿನ ಅಗಲ ಸುಮಾರು 1.7 ಮೀಟರ್. ಮೂಲೆ ಸುತ್ತಿ ಬರೋ ಲಿಪ್ 1.8 ಮೀಟರ್ ಉದ್ದ, 20 ಸೆಂಮೀ ಅಗಲ ಅಂದುಕೊಳ್ಳಿ. ಚದರ ಮೀಟರಿಗೆ 450 ಗ್ರಾಂ ತೂಗೋ ಚಾಪ್ಡ್ ಮ್ಯಾಟ್ (ತುಂಡು ಎಳೆಗಳ ಹಾಸು) ಮೂರು ಪದರ ಹಾಕಿದರೆ ಹತ್ತಿರಹತ್ತಿರ 3 ಮಿಮೀ ದಪ್ಪ ಬರುತ್ತೆ. ಮ್ಯಾಟ್ ಅರ್ಧ ಕೆಜಿ, ರೆಸಿನ್ ಅದರ ಎರಡೂವರೆ ಪಟ್ಟು, ಅಂದರೆ ಒಂದೂಕಾಲು ಕೆಜಿ. ಒಂದೇ ಸಲಕ್ಕೆ ಕಲಸಬೇಡಿ, 250 ಗ್ರಾಂನಂತೆ ಕಲಸಿ. ಬಕೆಟ್ಟಿನಲ್ಲಿ ರಾಶಿ ಇದ್ದಷ್ಟೂ ಬೇಗ ಕಾಯುತ್ತೆ.

ಒಂದೇ ಒಂದು ಪೀಸಿಗೆ ಅಚ್ಚು ಮಾಡೋದು ದಂಡ. ಥರ್ಮಾಕೋಲನ್ನ ಬಂಪರಿನ ಕೆಳಗೆ ಹಿಡಿದು ಆಕಾರ ಕೊಯ್ದುಕೊಳ್ಳಿ. ಪಾಲಿಯೆಸ್ಟರ್ ನೇರ ತಗುಲಿದರೆ ಅದರೊಳಗಿನ ಸ್ಟೈರೀನ್ ಥರ್ಮಾಕೋಲನ್ನ ಪೆಟ್ರೋಲ್ ಹಾಗೆ ತಿಂದುಹಾಕುತ್ತೆ, ಆದ್ದರಿಂದ ಮೊದಲು ಪೂರ್ತಿ ಬ್ರೌನ್ ಟೇಪ್ ಸುತ್ತಿ. ಬಂಪರಿಗೂ, ಸುತ್ತಲಿನ ಪೇಂಟಿಗೂ ಟೇಪ್ ಅಂಟಿಸಿ, ಮೇಲೆ ವ್ಯಾಕ್ಸ್ ಸವರಿ. ಚೇಳೂರಿನ ಹಲಸು ಬಿಡಿಸೋ ಮುಂಚೆ ಕೈಗೆ ಎಣ್ಣೆ ಸವರಿಕೊಳ್ಳೋದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಅದರ ಮೇಲೆ ಮ್ಯಾಟ್ ಹಾಸಿ ರೆಸಿನ್ ಸವರುವಾಗ ಬಿಳಿ ಚುಕ್ಕೆ ಕಂಡರೆ ಅದು ಗಾಳಿ, ಬ್ರಷ್ಷಿನಿಂದ ಕುಟ್ಟಿ ಹೊರಗೆ ಹಾಕಿ. ಲಿಪ್ ಬಂಪರಿನ ಅಂಚಿನಿಂದ ನಾಲ್ಕು ಬೆರಳಿಗಿಂತ ಕೆಳಗೆ ಇಳಿಯೋದು ಬೇಡ, ನಮ್ಮ ಹಂಪ್‌ಗಳು ಬಿಡಲ್ಲ. ಕಾನೂನೂ ಗೊತ್ತಿರಲಿ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡಿಗೆ ಮಿತಿ ಹಾಕಿದೆ, 2019ರ ತಿದ್ದುಪಡಿಯ ನಂತರ ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ ಇದೆ. ಲೈಟು, ನಂಬರ್ ಪ್ಲೇಟ್ ಮುಚ್ಚಬಾರದು. ಕಬ್ಬಿಣದ ಬುಲ್ ಬಾರ್ ಆಸೆ ಇದ್ದರೆ ಬಿಟ್ಟುಬಿಡಿ.

ಯಾರೂ ಕೇಳದ ಒಂದು ಪ್ರಶ್ನೆಯನ್ನ ನಾನೇ ಕೇಳ್ತೀನಿ: ಬ್ರೌನ್ ಟೇಪಿಗೆ ರೆಸಿನ್ ಯಾಕೆ ಅಂಟಲ್ಲ? ಆ ಟೇಪ್ ಪಾಲಿಪ್ರೊಪಿಲೀನ್, ಅದರ ಮೇಲೆ ರೆಸಿನ್ ಕಚ್ಚಿ ಹಿಡಿಯಲ್ಲ. ಈಗ ಬಂಪರ್ ಬಿಚ್ಚಿ ಹಿಂದುಗಡೆ ನೋಡಿ. ಸಣ್ಣ ಅಕ್ಷರದಲ್ಲಿ ‘ಪಿಪಿ’ ಅಂತಲೋ, ‘ಪಿಪಿ ಪ್ಲಸ್ ಇಪಿಡಿಎಂ’ ಅಂತಲೋ ಅಚ್ಚು ಇರುತ್ತೆ. ಅದೂ ಪಾಲಿಪ್ರೊಪಿಲೀನೇ, ಇಪಿಡಿಎಂ ಅಂದರೆ ಜೊತೆಗೆ ಬೆರೆಸಿದ ರಬ್ಬರ್. ಲಿಪ್ಪನ್ನ ಫೈಬರ್, ಪುಟ್ಟಿ ಹಾಕಿ ನೇರ ಬಂಪರಿಗೇ ಅಂಟಿಸಿದವರ ಕೆಲಸ ತಿಂಗಳೊಳಗೆ ಸಿಪ್ಪೆಯ ಹಾಗೆ ಏಳೋದು ಇದಕ್ಕೇ. ಅಂಟಿಸಬೇಡಿ, ದೊಡ್ಡ ವಾಷರ್ ಹಾಕಿ ಬೋಲ್ಟ್ ಮಾಡಿ. ಬಿಸಿಲಿಗೆ ಪ್ಲಾಸ್ಟಿಕ್ ಫೈಬರ್‌ಗಿಂತ ಹೆಚ್ಚು ಹಿಗ್ಗುತ್ತೆ, ಹಾಗಾಗಿ ನಡುವಿನ ತೂತು ಮಾತ್ರ ದುಂಡಗಿರಲಿ, ಉಳಿದವನ್ನ ಅಡ್ಡಕ್ಕೆ ಉದ್ದ ಮಾಡಿ.

ಬಂಪರೇ ಬಿರುಕು ಬಿಟ್ಟಿದ್ದರೂ ಹಿಂದಿನಿಂದ ಫೈಬರ್ ಹಚ್ಚಬೇಡಿ. ಗುಜರಿಯಲ್ಲಿ ಅದೇ ಗುರುತಿನ ಒಡೆದ ಬಂಪರ್ ಸಿಗುತ್ತೆ, ಅದರಿಂದ ಪೆನ್ಸಿಲ್ ಅಗಲದ ಪಟ್ಟಿ ಕೊಯ್ದು ತನ್ನಿ. ಬಿರುಕಿನ ಎರಡೂ ತುದಿಗೆ 3 ಮಿಮೀ ತೂತು ಕೊರೆದರೆ ಅದು ಮುಂದಕ್ಕೆ ಓಡಲ್ಲ. ಆಮೇಲೆ ಬಿರುಕಿನ ಉದ್ದಕ್ಕೂ ಕಾಲುವೆ ತೆಗೆದು, ಹಾಟ್ ಏರ್ ಗನ್ನಿನಲ್ಲಿ ಬಂಪರನ್ನೂ ಪಟ್ಟಿಯನ್ನೂ ಒಟ್ಟಿಗೇ ಕರಗಿಸಿ ಒತ್ತುತ್ತಾ ಬನ್ನಿ. ಪಟ್ಟಿಯೊಂದೇ ಕರಗಿ ಬಂಪರ್ ಕರಗದಿದ್ದರೆ ಬೆಸುಗೆ ಹಿಡಿದಿಲ್ಲ ಅಂತ ತಿಳಿದು, ಕಿತ್ತು ಮತ್ತೆ ಮಾಡಿ.