ಟ್ರಯಾಂಗಲ್ ಕಾರ್ಖಾನೆಯ ಮಾಲೀಕರು ಖುಲಾಸೆಯಾದರು. ಕಾನೂನು ಬದಲಾದದ್ದು ಹೇಗೆ?

ಓದುಗರ ಪ್ರಶ್ನೆ: 1911ರಲ್ಲಿ ನ್ಯೂಯಾರ್ಕ್‌ನ ಟ್ರಯಾಂಗಲ್ ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು, ಅಲ್ಲಿಂದಲೇ ಅಮೆರಿಕದ ಕಾರ್ಮಿಕ ಕಾನೂನು ಸುಧಾರಿಸಿತು ಎಂದು ಓದಿದ್ದೇನೆ. ಆದರೆ ಮಾಲೀಕರಿಗೆ ಶಿಕ್ಷೆಯೇ ಆಗಲಿಲ್ಲವಂತೆ. ಕೋರ್ಟೇ ಬಿಟ್ಟುಬಿಟ್ಟರೆ ಕಾನೂನು ಬದಲಾಯಿಸಿದ್ದು ಯಾರು?

ಉತ್ತರ: ನೀವು ಓದಿದ ಎರಡೂ ಮಾತು ನಿಜ. ಕೋರ್ಟಿನ ದಾರಿ ಬೇರೆ, ಶಾಸನಸಭೆಯ ದಾರಿ ಬೇರೆ ಆಗಿತ್ತು. ಒಂದು ಮುಚ್ಚಿಹೋಯಿತು, ಇನ್ನೊಂದು ತೆರೆಯಿತು.

ಅಂದು ಮಾರ್ಚ್ 25, ಶನಿವಾರ. ವಾಷಿಂಗ್ಟನ್ ಚೌಕದ ಹತ್ತಿರದ ಹತ್ತು ಮಹಡಿಯ ಆಶ್ ಕಟ್ಟಡದಲ್ಲಿ ಮೇಲಿನ ಮೂರು ಮಹಡಿ ಈ ಕಾರ್ಖಾನೆಯದು. ಹೊಲಿಯುತ್ತಿದ್ದದ್ದು ಹೆಂಗಸರ ಬ್ಲೌಸು. ಹೊಲಿಯುವವರು ಬಹುಪಾಲು ಯಹೂದಿ, ಇಟಾಲಿಯನ್ ವಲಸೆ ಕುಟುಂಬಗಳ ಹುಡುಗಿಯರು, ಕೆಲವರಿಗೆ ಹದಿನಾಲ್ಕೇ ವರ್ಷ. ಕೆಲಸ ಬಿಡುವ ಹೊತ್ತಿಗೆ ಎಂಟನೇ ಮಹಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನಡಿ ಗುಡ್ಡೆ ಬಿದ್ದಿದ್ದ ಚೂರುಗಳಿಗೆ ಬೆಂಕಿ ಹತ್ತಿತು. ಹತ್ತನೇ ಮಹಡಿಯ ಆಫೀಸಿಗೆ ಫೋನಿನಲ್ಲಿ ಸುದ್ದಿ ಮುಟ್ಟಿತು. ಮಾಲೀಕರಾದ ಮ್ಯಾಕ್ಸ್ ಬ್ಲ್ಯಾಂಕ್ ಮತ್ತು ಐಸಾಕ್ ಹ್ಯಾರಿಸ್ ತಾರಸಿ ಹತ್ತಿ ಪಾರಾದರು. ಒಂಬತ್ತನೇ ಮಹಡಿಗೆ ಯಾರೂ ಹೇಳಲಿಲ್ಲ. ಅಲ್ಲಿ ಒಂದು ಕಡೆಯ ಮೆಟ್ಟಿಲ ಬಾಗಿಲಿಗೆ ಬೀಗ. ಬಟ್ಟೆ ಕದ್ದೊಯ್ಯಬಾರದೆಂದು, ಮನೆಗೆ ಹೋಗುವಾಗ ಎಲ್ಲರೂ ಇನ್ನೊಂದು ಬಾಗಿಲಲ್ಲಿ ಚೀಲ ತೋರಿಸಿಯೇ ಹೋಗಬೇಕಿತ್ತು. ಹೊರಗೋಡೆಯ ಕಬ್ಬಿಣದ ಏಣಿ ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ದಳದ ಏಣಿ ಆರನೇ ಮಹಡಿಗಷ್ಟೇ ಮುಟ್ಟಿತು. ಸತ್ತವರಲ್ಲಿ 123 ಮಂದಿ ಹೆಂಗಸರು. ಕಟ್ಟಡ ಮಾತ್ರ ಗಟ್ಟಿಯಾಗಿ ಉಳಿಯಿತು. ಇಂದಿಗೂ ಅಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತರಗತಿಗಳು ನಡೆಯುತ್ತವೆ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಇದು: ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಬಾರದು ಎಂಬ ನಿಯಮ ನ್ಯೂಯಾರ್ಕ್‌ನಲ್ಲಿ ಆಗಲೇ ಇತ್ತು. ನೋಡುವವರು, ಕೇಳುವವರು ಇರಲಿಲ್ಲ. ಡಿಸೆಂಬರ್‌ನಲ್ಲಿ ವಿಚಾರಣೆ ನಡೆದಾಗ ನ್ಯಾಯಾಧೀಶರು ಜ್ಯೂರಿಗೆ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡಕ್ಕೆ) ಹೇಳಿದ್ದು, ಆ ಕ್ಷಣ ಬೀಗ ಹಾಕಿತ್ತೆಂದು ಮಾಲೀಕರಿಗೆ ಗೊತ್ತಿತ್ತು ಎನ್ನುವುದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿರಬೇಕು ಎಂದು. ಎರಡು ಗಂಟೆಯೊಳಗೆ ಇಬ್ಬರೂ ಖುಲಾಸೆ.

ಅಷ್ಟರಲ್ಲಿ ಇನ್ನೊಂದು ಕೆಲಸ ಶುರುವಾಗಿ ಆರು ತಿಂಗಳಾಗಿತ್ತು. ಏಪ್ರಿಲ್ 5ರಂದು ಲಕ್ಷಾಂತರ ಜನ ಮಳೆಯಲ್ಲೇ ಶೋಕ ಮೆರವಣಿಗೆಯಲ್ಲಿ ನಡೆದಿದ್ದರು. ಆ ಒತ್ತಡಕ್ಕೆ ರಾಜ್ಯದ ಶಾಸನಸಭೆ ಜೂನ್‌ನಲ್ಲಿ ಕಾರ್ಖಾನೆ ತನಿಖಾ ಆಯೋಗ ರಚಿಸಿತು. ಅಧ್ಯಕ್ಷ ರಾಬರ್ಟ್ ವ್ಯಾಗ್ನರ್, ಉಪಾಧ್ಯಕ್ಷ ಆಲ್ ಸ್ಮಿತ್. ಇಬ್ಬರೂ ಡೆಮಾಕ್ರಟಿಕ್ ಪಕ್ಷದ ಟ್ಯಾಮನಿ ಹಾಲ್ ಎಂಬ ಕೂಟದವರು; ಲಂಚಕ್ಕೆ, ವೋಟಿನ ವ್ಯವಹಾರಕ್ಕೆ ಹೆಸರಾದ ಕೂಟ ಅದು. ಇಂಥವರಿಂದ ಸುಧಾರಣೆಯೇ ಎಂದು ಆಗ ಯಾರಿಗಾದರೂ ಅನ್ನಿಸಿದ್ದರೆ ತಪ್ಪೇನಿಲ್ಲ.

ಇಲ್ಲಿ ಬರುತ್ತಾರೆ ಕಾರ್ಮಿಕರ ಪರ ದುಡಿಯುತ್ತಿದ್ದ ಸಮಾಜಸೇವಕಿ ಫ್ರಾನ್ಸಿಸ್ ಪರ್ಕಿನ್ಸ್. ಬೆಂಕಿಯ ದಿನ ಹತ್ತಿರದಲ್ಲೇ ಇದ್ದ ಅವರು ಓಡಿಬಂದು, ಹುಡುಗಿಯರು ಕಿಟಕಿಯಿಂದ ಹಾರಿದ್ದನ್ನು ಕಣ್ಣಾರೆ ಕಂಡಿದ್ದರು. ಆಯೋಗದ ಜೊತೆ ಸೇರಿದ ಮೇಲೆ ವರದಿ ಕೊಟ್ಟು ಸುಮ್ಮನಾಗದೆ, ರಾಜಕಾರಣಿಗಳನ್ನೇ ಕಾರ್ಖಾನೆಗಳಿಗೆ ಕರೆದೊಯ್ದರು. ಹತ್ತು ಗಂಟೆಯ ರಾತ್ರಿಪಾಳಿ ಮುಗಿಸಿ ಬೆಳಗಿನ ಜಾವ ಹೊರಬರುವ ಹೆಂಗಸರನ್ನು ಸ್ಮಿತ್ ನೋಡುವಂತೆ ಮಾಡಿದರು. ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕಾಳು ಬಿಡಿಸುತ್ತಿದ್ದ ಐದಾರು ವರ್ಷದ ಮಕ್ಕಳನ್ನು ತೋರಿಸಿದರು. ಒಂದು ಕಡೆ ತುರ್ತು ನಿರ್ಗಮನ ಎಂದು ಬರೆದಿದ್ದ ಗೋಡೆಯ ಕಿಂಡಿಯಲ್ಲಿ ವ್ಯಾಗ್ನರ್ ತಾವೇ ತೆವಳಿಕೊಂಡು ಹೋಗಬೇಕಾಯಿತು. ಆಚೆಗಿದ್ದದ್ದು ಹಿಮಗಟ್ಟಿದ ಕಬ್ಬಿಣದ ಏಣಿ, ಅದೂ ನೆಲಕ್ಕಿಂತ ಹನ್ನೆರಡು ಅಡಿ ಮೇಲೆಯೇ ಮುಗಿದಿತ್ತು. ಸಾವಿರ ಪುಟದ ವರದಿ ಓದಿದರೂ ಆ ಏಣಿಯ ತುದಿಯಲ್ಲಿ ನಿಂತಷ್ಟು ತಿಳಿಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಮುಂದಿನ ಮೂರ್ನಾಲ್ಕು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಾನೂನುಗಳು ಬಂದವು. ಬೆಂಕಿ ಬಿದ್ದಾಗ ಹೊರಬರುವ ಅಭ್ಯಾಸ ಕಡ್ಡಾಯವಾಯಿತು, ಎತ್ತರದ ಕಾರ್ಖಾನೆಗಳಲ್ಲಿ ಚಾವಣಿಯಿಂದ ತಾನಾಗಿ ನೀರು ಸುರಿಸುವ ವ್ಯವಸ್ಥೆ ಬಂತು, ಹೆಂಗಸರ ದುಡಿಮೆ ವಾರಕ್ಕೆ 54 ಗಂಟೆಗೆ ಇಳಿಯಿತು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ಕಾರ್ಮಿಕ ಇಲಾಖೆಯನ್ನೇ ಹೊಸದಾಗಿ ಕಟ್ಟಿ ತಪಾಸಣೆಯನ್ನು ಬಲಪಡಿಸಿದ್ದು. ಹಳೆಯ ನಿಯಮ ಸೋತದ್ದೇ ಅಲ್ಲಿ. ಪರ್ಕಿನ್ಸ್ 1933ರಲ್ಲಿ ದೇಶದ ಕಾರ್ಮಿಕ ಸಚಿವೆಯಾದರು, ಅಮೆರಿಕದ ಸಂಪುಟದಲ್ಲಿ ಮೊದಲ ಮಹಿಳೆ. ಕಾರ್ಮಿಕ ಸಂಘ ಕಟ್ಟುವ ಹಕ್ಕನ್ನು ರಕ್ಷಿಸಿದ 1935ರ ಕಾಯ್ದೆಗೆ ವ್ಯಾಗ್ನರ್ ಹೆಸರೇ ಇದೆ.

ಮಾಲೀಕರ ವಿಷಯ ಕೇಳಿದ್ದೀರಿ, ಅದನ್ನೂ ಹೇಳಿಬಿಡುತ್ತೇನೆ. 1914ರಲ್ಲಿ ಸಿವಿಲ್ ದಾವೆಗಳು ರಾಜಿಯಾದವು: ಒಂದು ಜೀವಕ್ಕೆ 75 ಡಾಲರ್. ಅದಕ್ಕೂ ಹಿಂದಿನ ವರ್ಷ ಬ್ಲ್ಯಾಂಕ್ ತನ್ನ ಹೊಸ ಕಾರ್ಖಾನೆಯಲ್ಲಿ ಮತ್ತೆ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದಿದ್ದ. ಈ ಸಲ ತಪ್ಪು ಸಾಬೀತಾಯಿತು. ದಂಡ 20 ಡಾಲರ್.